ಮುಳ್ಳಿಲ್ಲದ ಗಾಳ

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ ಹಿಮಗೊಂಡೆ ಎಂಬ ರಾಜ್ಯವಿತ್ತು. ವಸಂತ ಬಂದು ಹಿಮ ಕರಗಿತೆಂದರೆ ಅಲ್ಲಿನ ಹೊಳೆಯ ತುಂಬ ಚುಕ್ಕೆಮೀನು. ಈಗಿನವರು ಟ್ರೌಟ್ ಅನ್ನುತ್ತಾರಲ್ಲ, ಅದೇ. ಅಲ್ಲಿಯವರು ಗಾಳಕ್ಕೆ ಎರೆಹುಳ ಸಿಕ್ಕಿಸುತ್ತಿರಲಿಲ್ಲ. ಗಾಳದ ಮುಳ್ಳಿಗೆ ಹಕ್ಕಿಯ ಪುಕ್ಕ ಸುತ್ತಿ, ನೊಣದಂತೆ ಮಾಡಿ, ನೀರಿನ ಮೇಲೆ ತೇಲಿಬಿಡುತ್ತಿದ್ದರು. ಒಣಗೈ ತಗುಲಿದರೆ ಮೀನಿನ ಮೈ ಸುಡುತ್ತದೆ, ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಇದು ಅಲ್ಲಿನ ಮಕ್ಕಳಿಗೂ ಗೊತ್ತಿತ್ತು.

ಹೊಳೆಯ ದೊಡ್ಡ ಮಡುವನ್ನು ಘೋರಕನೆಂಬ ಮಾಂತ್ರಿಕ ತನ್ನದು ಮಾಡಿಕೊಂಡಿದ್ದ. ಅಲ್ಲಿ ಗಾಳ ಬೀಸಿದವರನ್ನೆಲ್ಲ ಮೀನು ಮಾಡಿ ಇಟ್ಟುಕೊಳ್ಳುತ್ತಿದ್ದ. ಅವರು ನೀರಿನಲ್ಲಿರುವಷ್ಟು ಕಾಲ ಅವನಿಗೆ ಸಾವಿಲ್ಲ. ಆ ವಸಂತದಲ್ಲಿ ಹೊಂಬಾಳೆ ಎಂಬ ಹುಡುಗಿಯ ತಮ್ಮ ಸಿಂಗ ಮೀನಾದ. ಅವಳಿಗೆ ಅವನನ್ನು ಬಿಟ್ಟರೆ ಯಾರೂ ಇರಲಿಲ್ಲ. ಗಾಳದ ಕೋಲು ಹಿಡಿದು ನೇರ ಮಾಂತ್ರಿಕನ ಮುಂದೆ ನಿಂತಳು.

"ನನ್ ತಮ್ಮನ್ನ ಕೊಡು."

ಘೋರಕ ನಕ್ಕ. "ಮೂರು ಸಲ ಬೀಸು. ದಾರದ ಜೊತೆ ದಡಕ್ಕೆ ಬಂದದ್ದೆಲ್ಲ ನಿನ್ನದು. ಅದರಲ್ಲಿ ನಿನ್ನ ತಮ್ಮ ಇಲ್ಲವೋ, ನೀನೂ ಮಡುವಿಗೇ!"

ಹೊಂಬಾಳೆ ಮೊದಲ ಸಲ ಬೀಸಿದಳು. ಚಿನ್ನದ ಮೀನೊಂದು ನೊಣ ಕಚ್ಚಿತು. ಮಡುವೆಲ್ಲ ಹೊನ್ನಿನ ಬೆಳಕಾಯಿತು.

"ಎಳೆ, ನಿನ್ನನ್ನು ರಾಣಿ ಮಾಡುತ್ತೇನೆ," ಎಂದಿತು ಮೀನು.

"ಬೇಡಪ್ಪ, ನಂಗೆ ತಮ್ಮ ಬೇಕು," ಎಂದು ದಾರ ಸಡಿಲ ಬಿಟ್ಟಳು.

ಎರಡನೆಯ ಸಲ ಬೀಸಿದಳು. ಕೆಂಪುಚುಕ್ಕೆಯ ಮೀನು ಕಚ್ಚಿತು. ತಮ್ಮನದೇ ದನಿ! "ಅಕ್ಕಾ, ನಾನೇ ಕಣೇ! ಬೇಗ ಕೈ ಹಾಕಿ ಎತ್ಕೋ!"

ಹೊಂಬಾಳೆ ನೀರಿನತ್ತ ಬಗ್ಗಿದಳು. ಕೈ ಚಾಚಿದವಳು ತಟ್ಟನೆ ತಡೆದು ನಿಂತಳು. ಈ ಹೊಳೆಯ ಹುಡುಗ 'ಕೈ ಒದ್ದೆ ಮಾಡ್ಕೊಂಡ್ಯಾ' ಅಂತ ಕೇಳದೆ ಇರುತ್ತಾನೆಯೇ? ಇದು ಮಾಯೆ. ದಾರ ಸಡಿಲ ಬಿಟ್ಟಳು. ಮೀನು ಹೊಗೆಯಾಗಿ ಹೋಯಿತು.

ಉಳಿದದ್ದು ಒಂದೇ ಸಲ. ಅವಳಿಗೆ ಅಳು ಬಂತು. ನಿಜವಾಗಿ ಸಿಂಗನೇ ಬಂದರೆ ಅವನ ಬಾಯಿಗೆ ಮುಳ್ಳು ಚುಚ್ಚಲೇ? ಮುಳ್ಳನ್ನು ಮುರಿದು ಎಸೆದಳು. ದಾರದ ತುದಿಗೆ ಬರೀ ಪುಕ್ಕ ಉಳಿಯಿತು.

"ಮುಳ್ಳಿಲ್ಲದೆ ಮೀನು ಹಿಡೀತಾಳಂತೆ!" ಘೋರಕ ಹೊಟ್ಟೆ ಹಿಡಿದುಕೊಂಡು ನಕ್ಕ.

ಪುಕ್ಕ ನೀರಿನ ಮೇಲೆ ಇಳಿಯಿತು. ಸಣ್ಣ ಮೀನೊಂದು ಬಂದು ಅದನ್ನು ಕಚ್ಚಿ ಹಿಡಿಯಿತು, ಬಿಡಲಿಲ್ಲ. ಅದರ ಬಾಲವನ್ನು ಇನ್ನೊಂದು ಕಚ್ಚಿತು. ಇನ್ನೊಂದರ ಬಾಲವನ್ನು ಮತ್ತೊಂದು. ಹೊಂಬಾಳೆ ಎಳೆದಂತೆಲ್ಲ ನೀರೊಳಗಿಂದ ಮೀನಿನ ಸಾಲು ಬರುತ್ತಲೇ ಇತ್ತು. ಬೆಟ್ಟಗಳು ಮಾತು ಮರೆತು ಬಗ್ಗಿ ನೋಡಿದವು. ದಡ ಮುಟ್ಟಿದ ಮೀನೆಲ್ಲ ಮನುಷ್ಯರಾದವು. ಹಾಲು ಮಾರುವವಳು ಎದ್ದಳು, ಸಿಪಾಯಿ ಎದ್ದ, ಎಂದೋ ಕಾಣೆಯಾಗಿದ್ದ ರಾಜಕುಮಾರನೂ ಎದ್ದ.

"ಇಷ್ಟೂ ಜನ ಅಲ್ಲ, ಅವನೊಬ್ಬನೇ!" ಘೋರಕ ಕಿರುಚಿದ.

"ಬಂದದ್ದೆಲ್ಲ ನಂದು ಅಂದೋನು ನೀನೇ ಅಲ್ವಾ?"

ಮಡುವಿನಲ್ಲಿ ಒಬ್ಬರೂ ಉಳಿಯಲಿಲ್ಲ. ಘೋರಕ ನಿಂತಲ್ಲೇ ಕರಗಿ ನೀರಾಗಿ ಹರಿದುಹೋದ.

ಸಿಂಗ ಬಾಯಿಂದ ಪುಕ್ಕ ಉಗಿದ. "ಥೂ, ಕಚಗುಳಿ ಅಕ್ಕಾ!" ಎಂದ. ಹೊಂಬಾಳೆ ಅವನನ್ನು ತಬ್ಬಿಕೊಂಡು ಅತ್ತಳು, ನಕ್ಕಳು.

ಆ ಸಂಜೆ ಹಿಮಗೊಂಡೆಯಲ್ಲಿ ಯಾರೂ ಮೀನಿನ ಸಾರು ಮಾಡಲಿಲ್ಲ. ಮನೆಮನೆಯಲ್ಲೂ ಊಟಕ್ಕೆ ಒಂದೊಂದು ಎಲೆ ಹೆಚ್ಚು ಹಾಕಿದರು.