ನಡುಹೊಳೆಯಲ್ಲಿ ಡೈನಮೋ

ನಾರಾಯಣಪೇಟೆಯಿಂದ ಹೊರಟು, ಮಕ್ತಲ್ ಹಾದು, ಕೃಷ್ಣಾ ದಾಟಿ ಗದ್ವಾಲ ಮುಟ್ಟಬೇಕು. ತಲೆಮಾರುಗಳಿಂದ ಕುರಿಗಳು ನಡೆದ ಆ ದಾರಿಗೆ ಬೇಲಿ ಬೀಳುವ ಮುಂಚೆ, ಸೈಕಲ್ ಮೇಲೆ ಹೋಗಿ ಅದನ್ನು ಫೋನಿನ ನಕ್ಷೆಯಲ್ಲಿ ಒಂದೇ ಗೆರೆಯಾಗಿ ಮೂಡಿಸಬೇಕು. ಕೆಲಸ ಇಷ್ಟೇ.

"ಗೆರಿ ನಡುವ ಹರಿಬಾರದವ್ವ," ಎಂದ ಕುರಿಗಾರ ಆಶಪ್ಪ, ರಜಿತಾಳ ಸೋದರಮಾವ. "ಹರಿದ್ರ ಕಚೇರ್ಯಾಗ ನಮ್ಮ ಮಾತು ನಡ್ಯಂಗಿಲ್ಲ. ಕುರಿ ಹೊಳಿ ದಾಟಂಗಿಲ್ಲ."

ಹೊರಟವರು ಮೂವರು. ಮುಂದಾಳು ರಜಿತಾ. ಸೈಕಲ್ ರಿಪೇರಿಯ ಸಿದ್ದರಾಮೇಶ. ಮತ್ತೆ ಲಕ್ಷ್ಮಣ್, ರಜಿತಾಳಿಗೆ ಸೈಕಲ್ ಕಲಿಸಿದ ಬಾಲ್ಯದ ಗೆಳೆಯ. ನಕ್ಷೆ ಇದ್ದದ್ದು ರಜಿತಾಳ ಫೋನಿನಲ್ಲಿ. ಅವಳ ಹಿಂದಿನ ಚಕ್ರಕ್ಕೆ ಒತ್ತಿ ಕೂತ ಡೈನಮೋ ಹಗಲೆಲ್ಲ ಪವರ್ ಬ್ಯಾಂಕ್ ತುಂಬುತ್ತಿತ್ತು. ತಂಗಿದಲ್ಲಿ ಅದನ್ನು ಕಾಯುವ ಕೆಲಸ ಲಕ್ಷ್ಮಣ್‌ನದು. ಆ ಕರೆಂಟು ನಕ್ಷೆಗೆ ಮಾತ್ರ ಎಂದು ಮೂವರೂ ಮೈಲಾರನ ಭಂಡಾರ ಮುಟ್ಟಿ ಆಣೆ ಮಾಡಿ, ಆ ಅರಿಶಿನವನ್ನು ಪವರ್ ಬ್ಯಾಂಕಿನ ವೈರಿಗೂ ಬಳಿದಿದ್ದರು.

ಮಕ್ತಲ್ ದಾಟಿದ ಮೇಲೆ ಕೆಂಪು ಮೊರಡಿ ನೆಲ ಮುಗಿದು ಕರಿಮಣ್ಣು ಬಂತು. ಹತ್ತಿಕಟ್ಟಿಗೆ ಒಣಗಿ ನಿಂತ ಹೊಲಗಳು, ಜಾಲಿ ಮುಳ್ಳು, ಒಂದರ ಮೇಲೊಂದು ಕೂತ ಬಂಡೆಗಳು. ಇವುಗಳ ನಡುವೆ ಕುರಿಗಳು ತುಳಿದು ಮಾಡಿದ ಹಾದಿ. ಎದುರುಗಾಳಿ ಬೇರೆ. ಡೈನಮೋ ಹಚ್ಚಿದ ಸೈಕಲ್ಲನ್ನು ರಜಿತಾ ಹಲ್ಲು ಕಚ್ಚಿ ತುಳಿದಳು. ಲಕ್ಷ್ಮಣ್ ಹಾಡಿಕೊಂಡು ಮುಂದೆ ಹೋಗುತ್ತಿದ್ದ. ಪಾಪ, ಆ ಭಾರ ಅವನಿಗೇನು ಗೊತ್ತು!

ಬೇಸಿಗೆಯ ಕೃಷ್ಣೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು. ಸೈಕಲ್ ಹೊತ್ತು ಬಂಡೆಯಿಂದ ಬಂಡೆಗೆ ದಾಟಿದರು. ನಡುಹೊಳೆಯಲ್ಲಿ ಫೋನಿನ ಬ್ಯಾಟರಿ ಕೆಂಪಾಯಿತು.

"ಲಕ್ಷ್ಮಣ್, ಪವರ್ ಬ್ಯಾಂಕ್ ಕೊಡು."

ಹಚ್ಚಿದಳು. ಒಂದು ದೀಪವೂ ಹತ್ತಲಿಲ್ಲ.

"ಡೈನಮೋ ಕೆಟ್ಟಿರಬೇಕು," ಎಂದ ಲಕ್ಷ್ಮಣ್.

"ಡೈನಮೋ ಚಲೋ ಐತಿ. ನಿನ್ನ ಫೋನ್ ತೋರ್ಸು," ಎಂದ ಸಿದ್ದರಾಮೇಶ.

ಲಕ್ಷ್ಮಣ್‌ನ ಫೋನು ಭರ್ತಿಯಾಗಿತ್ತು. ಚಾರ್ಜ್ ಹಾಕುವ ತೂತಿನ ಸುತ್ತ ಭಂಡಾರದ ಹಳದಿ. ಪರದೆಯ ಮೇಲಿನ ವಿಡಿಯೋದಲ್ಲಿ ಅವನೇ ನಗುತ್ತಿದ್ದ: "ಈ ದಾರಿ ನಾ ಒಬ್ಬನೇ ಹುಡುಕೀನಿ."

ರಜಿತಾ ಆ ಫೋನನ್ನು ಅವನ ಕೈಗೇ ತುರುಕಿದಳು. ಅವಳು ತುಳಿದು ಕೂಡಿಸಿದ ಕರೆಂಟು ಕುಡಿದು ಅವಳನ್ನೇ ಅಳಿಸಿಹಾಕಿದ್ದ.

"ಇವನ ಫೋನಿನಿಂದ ಕರೆಂಟು ತಿರುಗಿ ಎಳ್ಯಾಕ ಬರಂಗಿಲ್ಲ," ಎಂದ ಸಿದ್ದರಾಮೇಶ. ಅಷ್ಟರಲ್ಲಿ ಅವನು ಕಿವಿಗೊಟ್ಟ. "ಮ್ಯಾಲಿನ ಡ್ಯಾಮಿಂದ ನೀರು ಬಿಟ್ಟಾರ."

ಬಂಡೆಗಳ ಸಂದಿಯಲ್ಲಿ ನೀರು ಗುಳುಗುಳು ಏರತೊಡಗಿತು.

ರಜಿತಾ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿದಳು. ಡೈನಮೋದ ವೈರು ನೇರ ಫೋನಿಗೆ ಚುಚ್ಚಿದಳು. ಕೈಯಿಂದ ಪೆಡಲ್ ತಿರುವಿದಳು. ಚಕ್ರ ಗಿರ್ರೆಂದಿತು.

"ನಾ ತಿರುವತೀನಿ ರಜಿತಾ," ಎಂದು ಲಕ್ಷ್ಮಣ್ ಕೈ ಚಾಚಿದ.

"ಮುಟ್ಟಬ್ಯಾಡ."

ತೋಳು ಸೋತಾಗ ಸಿದ್ದರಾಮೇಶ ತಿರುವಿದ. ಮತ್ತೆ ಅವಳು. ನೀರು ಪಾದ ಮುಚ್ಚಿತು. ಬ್ಯಾಟರಿಯ ಕೆಂಪು ಹೋಯಿತು.

"ಸಾಕು, ನಡಿ!" ಎಂದ ಸಿದ್ದರಾಮೇಶ.

ರಜಿತಾ ಫೋನನ್ನು ನೆತ್ತಿಯ ಮೇಲಿಟ್ಟು ಓಢಣಿಯಿಂದ ಬಿಗಿದಳು. ಮೂವರೂ ಸೈಕಲ್ ಹೆಗಲಿಗೇರಿಸಿ ನಡೆದರು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಒಮ್ಮೆ ಕಾಲು ಜಾರಿತು. ಸಿದ್ದರಾಮೇಶ ರಟ್ಟೆ ಹಿಡಿದೆತ್ತಿದ. ಆಚೆ ದಡದ ಮರಳಿನಲ್ಲಿ ಕುಸಿದು ಕೂತು ನೋಡಿದಳು. ಗೆರೆ ನಡೆಯುತ್ತಲೇ ಇತ್ತು.

ಗದ್ವಾಲದಲ್ಲಿ ಕಾದಿದ್ದ ಆಶಪ್ಪ ಪರದೆಯ ಮೇಲೆ ಬೆರಳಾಡಿಸಿದ. ನಾರಾಯಣಪೇಟೆಯಿಂದ ಹೊರಟ ಬೆರಳು ಎಲ್ಲೂ ನಿಲ್ಲದೆ ಗದ್ವಾಲ ಮುಟ್ಟಿತು. ಅವನ ಕಣ್ಣು ತುಂಬಿ ಬಂತು.

"ಎಲ್ಲೂ ಹರಿದಿಲ್ಲಲ್ಲವ್ವ. ಮೂರೂ ಮಂದಿ ಹೊಳಿ ಗೆದ್ದು ಬಂದ್ರಿ."

ರಜಿತಾಳಿಗೆ ಖುಷಿಯೂ ಇತ್ತು, ಅಳುವೂ ಬರುತ್ತಿತ್ತು. ಲಕ್ಷ್ಮಣ್ ಅವಳ ಪಕ್ಕದಲ್ಲೇ ನಿಂತಿದ್ದ.

"ಇಬ್ರು ಬಂದೀವಿ, ಮಾಮಾ," ಎಂದಳು.