ಅಡಿಕೆ ಕಣದಲ್ಲಿ ಮಧುನಾಶಿನಿ

"ಯಾರ್ರೀ ನನ್ನ ಎಲೇನ ಬಿಸಿಲಿಗೆ ಹಾಕಿದ್ದು?"

ಎರಡು ದಿನ ಲ್ಯಾಬಿನಲ್ಲಿದ್ದು ಬಂದ ಚೈತ್ರಶ್ರೀ ಕೂಗಿದ ಕೂಗಿಗೆ, ತ್ಯಾವಣಿಗೆಯ ಕಣದಲ್ಲಿ ಅಡಿಕೆ ಹರವುತ್ತಿದ್ದವನು ಬೆಚ್ಚಿ ತಿರುಗಿದ. ಅವಳು ಬಾಡಿಗೆಗಿದ್ದ ಮನೆಯ ಪ್ರೇಮಮ್ಮನವರ ಮಗ, ಪ್ರವೀಣ್ ಕುಮಾರ್. ಪರಊರಿನಿಂದ ನಿನ್ನೆಯಷ್ಟೇ ಮರಳಿದ್ದ ಅವನು ಹುಡುಗಿಯನ್ನು ನೋಡುತ್ತಿರುವುದು ಇದೇ ಮೊದಲು, ಅದೂ ಕೆಂಡಾಮಂಡಲವಾದ ಮುಖ!

"ನಾನೇ ರೀ... ನೆರಳಾಗೆ ಬಿದ್ದಿತ್ತು. ಬೂಸ್ಟು ಹಿಡೀತೈತೆ ಅಂತ..."

"ಅದೇನು ಅಡಿಕೆ ಏನ್ರೀ? ಮಧುನಾಶಿನಿ! ಸಕ್ಕರೆ ಕಾಯಿಲೆಗೆ ಆಗೋ ಎಲೆ, ನೆರಳಲ್ಲೇ ಒಣಗ್ಬೇಕು. ಅದರೊಳಗಿನ ಒಂದೇ ಒಂದು ಅಂಶ ಬೇರೆ ಮಾಡಾಕೆ ಮೂರು ವರ್ಷದಿಂದ ಒದ್ದಾಡ್ತಿದೀನಿ. ಮುಂದಿನ ತಿಂಗಳು ತೋರಿಸ್ದಿದ್ರೆ ನನ್ನ ಸಂಶೋಧನೆ ನಿಂತೇ ಹೋಗ್ತೈತೆ!"

ಸಕ್ಕರೆ ಕಾಯಿಲೆಗೆ ಕಾಲ್ಬೆರಳು ಕಳೆದುಕೊಂಡ ಅವಳ ಅವ್ವ ಕಣ್ಣ ಮುಂದೆ ಬಂದಳು. ಆದರೆ ಅಳುತ್ತಾ ಕೂರುವವಳಲ್ಲ ನಮ್ಮ ಚೈತ್ರಶ್ರೀ. ನಾಳೆಯೇ ಮತ್ತೆ ಎಲೆ ತರಬೇಕು!

"ಎಲ್ಲಿ ಸಿಗ್ತೈತೆ ಇದು?" ಅವನು ಮೆಲ್ಲಗೆ ಕೇಳಿದ.

"ಜಗಳೂರು ಗುಡ್ಡದಾಗೆ. ನಿಮಗ್ಯಾಕೆ?" ಬಾಗಿಲು ದಡಾರನೆ ಮುಚ್ಚಿತು.

ಬೆಳಿಗ್ಗೆ ಅವನು ಮನೆಯಲ್ಲೇ ಇಲ್ಲ. 'ತಪ್ಪಾಯ್ತು ಅಂತಲೂ ಹೇಳದೆ ಜಾಗ ಖಾಲಿ ಮಾಡಿದನಲ್ಲ!' ಹಲ್ಲು ಕಡಿಯುತ್ತಲೇ ಬಸ್ಸು ಹತ್ತಿದಳು.

ಗುಡ್ಡ ಏರಿದರೆ, ಪೊದೆಗಳ ನಡುವೆ ಪ್ರವೀಣ್! ಎಲೆ ಅಗಿಯುತ್ತಾನೆ, ಜೇಬಿನಿಂದ ಸಕ್ಕರೆ ತೆಗೆದು ಬಾಯಿಗೆ ಹಾಕುತ್ತಾನೆ, ಮುಖ ಹಿಂಡುತ್ತಾನೆ...

"ಏನ್ರೀ ಇದು?"

"ಈ ಎಲೆ ಅಗಿದ್ರೆ ಸಕ್ಕರೆ ಮಣ್ಣಾಗ್ತೈತೆ ಅಂತ ಅವ್ವ ಹೇಳಿದ್ಲು. ಒಂದೊಂದೇ ಬಳ್ಳಿ ಪರೀಕ್ಷೆ ಮಾಡಿ ಚೀಲ ತುಂಬ್ಸೀನಿ ನೋಡ್ರಿ!"

ಚೀಲದಲ್ಲಿ ಕಂಡಕಂಡ ಗಿಡದ ಎಲೆಯೆಲ್ಲ ಇತ್ತು. ಚೈತ್ರಶ್ರೀಗೆ ನಗು ತಡೆಯಲಾಗಲಿಲ್ಲ.

"ಸರಿಯಾದ ಎಲೆ ಒಂದು ಅಗಿದ್ರೆ ಸಾಕು, ಒಂದು ತಾಸು ನಾಲಿಗೆಗೆ ಸಿಹಿನೇ ಗೊತ್ತಾಗಲ್ಲ. ಆಮೇಲೆ ಅಗಿದಿದ್ದೆಲ್ಲ ಮಧುನಾಶಿನೀನೇ!"

ಅವನು ಪೆಚ್ಚಾದ. ಅವಳ ಕೋಪ ಅಲ್ಲೇ ಕರಗಿತು. ಸಂಜೆಯವರೆಗೆ ಇಬ್ಬರೂ ಸೇರಿ ಸರಿಯಾದ ಎಲೆ ಕಿತ್ತರು. ಒಣಗುವವರೆಗೆ ಅವನು ಹಜಾರದ ನೆರಳಿನಲ್ಲಿ ಅದನ್ನು ಕಾದ, ಒಣಗಿದ ಮೇಲೆ ಅವಳು ಲ್ಯಾಬಿನಲ್ಲಿ ಹಟ ಹಿಡಿದು ಕೂತಳು.

ಇಪ್ಪತ್ತೈದನೆಯ ದಿನ, ಪುಟ್ಟ ಸೀಸೆಯ ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ. ಅದೇ ಅಂಶ, ಶುದ್ಧವಾದದ್ದು! ಔಷಧಿಯಾಗಲು ಇನ್ನೂ ಎಷ್ಟೋ ವರ್ಷ ಬೇಕು. ಆದರೆ ಕೆಲಸ ನಿಲ್ಲುವುದಿಲ್ಲ!

ಪೇಡೆ ಹಿಡಿದು ಕಣಕ್ಕೆ ಓಡಿದಳು. ಅವನು ಅರ್ಧ ಕಡಿದು ಮುಖ ಹಿಂಡಿದ.

"ಯಾಕ್ರೀ, ಚೆನ್ನಾಗಿಲ್ವಾ?"

"ಈಗ್ತಾನೆ ಎಲೆ ಅಗಿದೆ..."

"ಯಾಕೆ?"

"ಇವತ್ತು ನಿಮ್ಮನ್ನ ಒಂದು ಮಾತು ಕೇಳೋಣ ಅಂತಿದ್ದೆ... ನನ್ನ ಮದುವೆ ಆಗ್ತೀರಾ ಅಂತ. ನೀವು ಒಲ್ಲೆ ಅಂದ್ರೆ ಎಲ್ಲಾ ಸಪ್ಪೆ ಆಗ್ತೈತಲ್ಲ, ಆ ತಪ್ಪು ಎಲೆ ಮ್ಯಾಲೆ ಹಾಕಿಬಿಡೋಣ ಅಂತ..."

ಅವಳ ಕಣ್ಣು ತುಂಬಿತು. ಉಳಿದರ್ಧ ಪೇಡೆಯನ್ನು ಅವನ ಕೈಯಿಂದ ತೆಗೆದುಕೊಂಡು ಪಕ್ಕದಲ್ಲೇ ಕೂತಳು.

"ಒಂದು ತಾಸು ತಡೀರಿ. ಸಿಹಿ ವಾಪಸ್ ಬರ್ಲಿ, ಇಬ್ರೂ ಒಟ್ಟಿಗೆ ತಿನ್ನೋಣ."