ಸಾಧನೆಯ ಪುಟ

ಧಾರವಾಡದ ಹೈಕೋರ್ಟ್ ಪೀಠದಲ್ಲಿ ಒಂದು ಕೇಸಿನ ಕೆಲಸ ಮುಗಿಸಿಕೊಂಡು ಮೌನೇಶ ಬೆಂಗಳೂರಿನ ಜಯನಗರದ ಆಫೀಸಿಗೆ ಮರಳಿದ ಬೆಳಿಗ್ಗೆ, ರಿಸೆಪ್ಷನ್ನಿನ ಶ್ವೇತಾ ಎದ್ದು ನಿಂತು ಅವನ ಕೈ ಕುಲುಕಿದಳು. ಅವಳ ಕಣ್ಣು ಒದ್ದೆಯಾಗಿತ್ತು.

“ನಿಮ್ಮ ಅಮ್ಮಂಗೆ ನನ್ನ ನಮಸ್ಕಾರ ಹೇಳಿ ಸಾರ್,” ಅಂದಳು.

ಮೌನೇಶ ನಕ್ಕು ತಲೆಯಾಡಿಸಿದನಾದರೂ ಅವನಿಗೆ ಏನೂ ಅರ್ಥವಾಗಲಿಲ್ಲ. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ದಾನಮ್ಮ ಎಂಬವಳ ಕೇಸು ಗೆದ್ದದ್ದಕ್ಕೆ ಆಫೀಸಿನವರು ಅಭಿನಂದಿಸುತ್ತಾರೆಂದು ಅವನಿಗೆ ಗೊತ್ತಿತ್ತು. ಚಕ್ರಪಾಣಿಯವರ ಲಾ ಫರ್ಮಿನಲ್ಲಿ ಯಾರು ಕೇಸು ಗೆದ್ದರೂ, ಯಾರಿಗೆ ಬಡ್ತಿ ಸಿಕ್ಕರೂ ವೆಬ್‌ಸೈಟಿನ ‘ಸುದ್ದಿ ಮತ್ತು ಸಾಧನೆ’ ಪುಟದಲ್ಲಿ ಫೋಟೋ ಸಮೇತ ಬರುತ್ತಿತ್ತು. ಮೈಸೂರು, ಹುಬ್ಬಳ್ಳಿಯ ಶಾಖೆಯವರೂ ಅದನ್ನು ಓದುತ್ತಿದ್ದರು. ಆದರೆ ಅದರಲ್ಲಿ ಅವ್ವ ಎಲ್ಲಿಂದ ಬಂದಳು?

ತನ್ನ ಮೇಜಿಗೆ ಹೋಗಿ ಕೂತು, ಹಿಂದಿನ ಸಂಜೆಯಷ್ಟೇ ಹಾಕಿದ್ದ ಆ ಪುಟ ತೆರೆದ. ‘ಅಮ್ಮನಿಗೆ ಸಿಗದ ನ್ಯಾಯ ದಾನಮ್ಮನಿಗೆ ಸಿಕ್ಕಿತು’ ಎಂಬ ತಲೆಬರಹ. ಕೆಳಗೆ ಅವನ ಫೋಟೋ. ಕರಿ ಕೋಟಿನ ಫೋಟೋ ಅಲ್ಲ; ಜೆ.ಪಿ. ನಗರದ ಮಿನಿ ಫಾರೆಸ್ಟಿನಲ್ಲಿ, ಕ್ಯಾಮೆರಾ ಹಿಡಿದವಳನ್ನೇ ನೋಡುತ್ತ ಅವನು ಮೈಮರೆತು ನಕ್ಕಿದ್ದ ಫೋಟೋ.

ಹಿಡಿದವಳು ಸುರಭಿ. ಬರೆದವಳೂ ಅವಳೇ.

ಸುರಭಿ ಬಸವನಗುಡಿಯ ಹುಡುಗಿ. ಫರ್ಮಿನ ವೆಬ್‌ಸೈಟು, ಸುದ್ದಿ, ಸಮಾರಂಭ ಎಲ್ಲ ಅವಳ ಕೈಯಲ್ಲಿ. ಗಾಜಿನ ಗೋಡೆಯ ಆಚೆ ಅವಳ ಕುರ್ಚಿ, ಈಚೆ ಅವನದು. ಅವನು ಕೋರ್ಟಿಗೆ ಹೊರಡುವಾಗ ಕುತ್ತಿಗೆಯ ಬಿಳಿ ಪಟ್ಟಿ ಸೊಟ್ಟಗಿದ್ದರೆ ಅವಳು ಮಾತಾಡದೆ ಹುಬ್ಬು ಎತ್ತುತ್ತಿದ್ದಳು. ಅವನು ಸರಿಮಾಡಿಕೊಂಡಂತೆ ಮಾಡಿ ಇನ್ನಷ್ಟು ಸೊಟ್ಟ ಮಾಡಿಕೊಳ್ಳುತ್ತಿದ್ದ. ಆಗ ಅವಳು ತುಟಿ ಕಚ್ಚಿ ನಗು ತಡೆದು, ಕಂಪ್ಯೂಟರಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದಳು. ಆ ಮರೆಸಿಕೊಂಡ ಮುಖದ ನೆನಪಿನಲ್ಲೇ ಅವನ ದಿನ ಕಳೆದುಹೋಗುತ್ತಿತ್ತು.

ಗಜೇಂದ್ರಗಡದಿಂದ ಬಂದು ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ ಮೌನೇಶ, ಆಫೀಸಿನಲ್ಲಿ ಎಚ್ಚರದಿಂದ ಬೆಂಗಳೂರಿನ ಕನ್ನಡವನ್ನೇ ಆಡುತ್ತಿದ್ದ. ಸುರಭಿಯ ಜೊತೆ ಮಾತ್ರ ಊರಿನ ಮಾತು ತಾನಾಗಿ ಹೊರಬರುತ್ತಿತ್ತು. ಅವಳಿಗೆ ಅದು ಇಷ್ಟ. “ಇನ್ನೊಂದ್ಸಲ ‘ಹೌದs’ ಅನ್ನು,” ಎಂದು ಗೋಗರೆಯುತ್ತಿದ್ದಳು.

ದಾನಮ್ಮನ ಕೇಸು ನಡೆಯುತ್ತಿದ್ದಾಗ ಅವನಿಗೆ ನಿದ್ದೆ ಹಾರಿಹೋಗಿತ್ತು. ದಾನಮ್ಮ ವಿಲ್ಸನ್ ಗಾರ್ಡನ್ನಿನವಳು. ಗಂಡ ತೀರಿಕೊಂಡ ಮೇಲೆ, ಎಂದೋ ತೀರಿಹೋಗಿದ್ದ ಅವನ ಮೊದಲ ಹೆಂಡತಿಯ ಮಕ್ಕಳು, ಇವಳಿಗೆ ಮದುವೆಯೇ ಆಗಿಲ್ಲ, ಮನೆ ಬಿಡಲಿ ಎಂದು ಕೋರ್ಟಿಗೆ ಹೋಗಿದ್ದರು. ಗುಡಿಯಲ್ಲಿ ಆದ ಮದುವೆಗೆ ಒಂದು ಫೋಟೋ ಕೂಡ ಇರಲಿಲ್ಲ. ಇಷ್ಟು ಕಾಲ ಹೆಂಡತಿಯಾಗಿ ಬಾಳಿದವಳನ್ನು ಕಾನೂನು ಹೆಂಡತಿಯೆಂದೇ ನೋಡಬೇಕು ಎಂದು ಮೌನೇಶ ಹೈಕೋರ್ಟಿನಲ್ಲಿ ವಾದಿಸಿ ಗೆದ್ದ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ, ಮಿನಿ ಫಾರೆಸ್ಟಿನ ಬೆಂಚಿನ ಮೇಲೆ ಕೂತು ಅವನು ಸುರಭಿಗೆ ಯಾರಿಗೂ ಹೇಳದ್ದನ್ನು ಹೇಳಿದ್ದ. ಅವನ ಅವ್ವ ಪಾರವ್ವನದೂ ಗುಡಿಯಲ್ಲಿ ಆದ ಮದುವೆಯೇ. ಅಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪಂದಿರು ಅವಳನ್ನೂ ಸಣ್ಣವನಾದ ಇವನನ್ನೂ ಮನೆಯಿಂದ ಹೊರಗೆ ಹಾಕಿದರು. ಶಾಲೆಯಲ್ಲಿ ಹುಡುಗರು ಅವನನ್ನು ‘ಇಟ್ಟುಕೊಂಡಾಕಿ ಮಗ’ ಎಂದು ಕರೆಯುತ್ತಿದ್ದರು. ಅವನು ಅಷ್ಟು ಹೇಳಿದಾಗ, ಸುರಭಿ ಅವನ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಿದ್ದಳು. ಆ ಹೊತ್ತಿನಲ್ಲಿ, ಇವಳಿಲ್ಲದೆ ತಾನಿಲ್ಲ ಎಂದು ಅವನಿಗೆ ಅನ್ನಿಸಿತ್ತು.

ಈಗ ಅದೆಲ್ಲ ಈ ಪುಟದಲ್ಲಿತ್ತು. ಗುಡಿ, ದೊಡ್ಡಪ್ಪಂದಿರು, ಅವ್ವನ ಹೆಸರು, ಊರಿನ ಹೆಸರು. ಶಾಲೆಯ ಹುಡುಗರ ಆ ಮಾತು ಕೂಡ, ಉದ್ಧರಣ ಚಿಹ್ನೆಯೊಳಗೆ, ಅಚ್ಚುಕಟ್ಟಾಗಿ. ಬರಹ ಚೆನ್ನಾಗಿತ್ತು. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಅವನು ಗಾಜಿನಾಚೆ ನೋಡಿದ. ಸುರಭಿ ಅವನು ಓದಿ ಮುಗಿಸುವುದನ್ನೇ ಕಾಯುತ್ತಿದ್ದವಳಂತೆ, ಹುಬ್ಬು ಎತ್ತಿ ಮುಗುಳ್ನಕ್ಕಳು. ಅವನ ಮುಖ ಕಂಡು ಆ ನಗು ಅಲ್ಲೇ ನಿಂತಿತು.

ಇಬ್ಬರೂ ಆಫೀಸಿನ ಟೆರೇಸಿಗೆ ಹೋದರು. ಅವಳೇ ಮೊದಲು ಮಾತಾಡಿದಳು. ಯುವ ವಕೀಲರ ರಾಜ್ಯ ಪ್ರಶಸ್ತಿಗೆ ಫರ್ಮಿನಿಂದ ಅವನ ಹೆಸರು ಕಳಿಸಿದ್ದಾರಂತೆ, ಬದುಕಿನ ಕಥೆಯಿದ್ದರೆ ಗಮನ ಸೆಳೆಯುತ್ತದೆಂದು ಚಕ್ರಪಾಣಿ ಸಾರ್ ಹೇಳಿದರಂತೆ. ಕೇಳೋಣವೆಂದರೆ ಅವನು ಊರಲ್ಲಿರಲಿಲ್ಲ ಎಂದಳು.

“ಫೋನ್ ಇತ್ತಲ್ಲ ಮೇಡಂ,” ಅಂದ ಮೌನೇಶ.

ಆ ‘ಮೇಡಂ’ ಕೇಳಿ ಅವಳು ಬೆಚ್ಚಿದಳು. ಅವನ ಮಾತಿನಲ್ಲಿ ಊರಿನ ರಾಗ ಎಳ್ಳಷ್ಟೂ ಇರಲಿಲ್ಲ.

“ಕೇಳಿದ್ರೆ ನೀನು ಬೇಡ ಅಂತಿದ್ದೆ,” ಅಂದಳು ಕೊನೆಗೆ. “ಅದಕ್ಕೇ ಕೇಳ್ಲಿಲ್ಲ.”

ಸುಳ್ಳು ಹೇಳಿದ್ದರೆ ಅವನಿಗೆ ಸುಲಭವಾಗುತ್ತಿತ್ತೇನೋ. ಅವಳು ಮುಚ್ಚಿಡದೆ ಉಳಿದದ್ದನ್ನೂ ಹೇಳಿದಳು. ಅವಳ ಅಪ್ಪ ಸೋಮನಾಥ್, ಬ್ಯಾಂಕಿನಿಂದ ರಿಟೈರ್ ಆದವರು, ಮೌನೇಶನ ವಿಷಯ ಎತ್ತಿದಾಗಲೆಲ್ಲ ಹುಡುಗ ಯಾರ ಮನೆಯವನು, ಅವರ ಕಡೆ ಯಾರಿದ್ದಾರೆ ಎಂದೇ ಕೇಳುತ್ತಿದ್ದರು. ನಿನ್ನೆ ಈ ಬರಹವನ್ನು ಅವರಿಗೆ ಓದಿ ತೋರಿಸಿದಳಂತೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಆ ಹುಡುಗನನ್ನು ಭಾನುವಾರ ಊಟಕ್ಕೆ ಕರಿ ಅಂದರಂತೆ.

ಮೌನೇಶ ಟೆರೇಸಿನ ಅಂಚಿಗೆ ಹೋಗಿ ನಿಂತ. ಕೆಳಗೆ ರಸ್ತೆಯಲ್ಲಿ ಹೂವಿನವಳು ಗಿರಾಕಿಗೆ ಮಲ್ಲಿಗೆ ಅಳೆದು ಕೊಡುತ್ತಿದ್ದಳು.

“ಅಂದ್ರೆ ನಮ್ಮಮ್ಮನ ಕಣ್ಣೀರು ತೋರಿಸಿ ನನಗೆ ಹೆಣ್ಣು ಕೇಳಿದ್ರಿ.”

“ಹಾಗಲ್ಲ ಮೌನೇಶ. ನಿನ್ನ ಎಲ್ರೂ ನನ್ನ ಥರಾನೇ ನೋಡ್ಲಿ ಅಂತ ಆಸೆಪಟ್ಟೆ.”

“ನೀವು ಒಬ್ಬರು ನೋಡಿದ್ರೆ ಸಾಕಾಗಿತ್ತು,” ಎಂದು ಅವನು ಮೆಟ್ಟಿಲಿಳಿದ.

ಚಕ್ರಪಾಣಿಯವರು ಕೆಟ್ಟವರಲ್ಲ. ಬರಹ ತೆಗೆಸಿ ಎಂದು ಅವನು ಕೇಳಿದಾಗ, ಇದರಲ್ಲಿ ಹೆಮ್ಮೆ ಪಡುವುದಲ್ಲದೆ ಅವಮಾನ ಏನಪ್ಪಾ ಎಂದು ನಿಜವಾಗಿಯೂ ಬೆರಗಾಗಿ ಕೇಳಿದರು. ಅಷ್ಟರಲ್ಲಿ ಸುರಭಿ ಅವರ ಒಪ್ಪಿಗೆಗೆ ಕಾಯದೆ ಅದನ್ನು ತೆಗೆದುಹಾಕಿದ್ದಳು. ಪ್ರಶಸ್ತಿಗೆ ಕಳಿಸಿದ ಹೆಸರನ್ನು ಮೌನೇಶ ತಾನೇ ಹಿಂದಕ್ಕೆ ಪಡೆದ.

ಆದರೆ ಬರಹ ಅದಾಗಲೇ ಫೋನಿನಿಂದ ಫೋನಿಗೆ ದಾಟಿ, ಹುಬ್ಬಳ್ಳಿಯ ಮೂಲಕ ಗಜೇಂದ್ರಗಡ ಮುಟ್ಟಿತ್ತು. ಪಾರವ್ವ ಕೆಲಸ ಮಾಡುವ ಅಂಗನವಾಡಿಯ ಟೀಚರು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, ಮಗನನ್ನು ಬಾಯ್ತುಂಬ ಹೊಗಳಿದಳಂತೆ. ಪಾರವ್ವ ಮಕ್ಕಳಿಗೆ ಬಡಿಸುತ್ತಿದ್ದ ಸೌಟನ್ನು ಅಲ್ಲೇ ಇಟ್ಟು ಮನೆಗೆ ಹೋದವಳು ಮತ್ತೆ ಕೆಲಸಕ್ಕೆ ಹೋಗಿರಲಿಲ್ಲ.

ಅವಳು ಫೋನಿನಲ್ಲಿ ಅಳಲಿಲ್ಲ, ಬೈಯಲೂ ಇಲ್ಲ. ಒಂದೇ ಮಾತು ಕೇಳಿದಳು.

“ನಮ್ಮ ಮನಿ ಮಾತು ಅವರಿಗೆ ಯಾರ್ ಹೇಳಿದ್ರೋ, ತಮ್ಮಾ?”

“ನಾನs ಹೇಳಿದ್ದೆ, ಯವ್ವಾ,” ಅಂದ ಮೌನೇಶ. ಹಾಗೆ ಹೇಳುವಾಗ ಅವನಿಗೆ ಸುರಭಿಯ ಮೇಲೆ ಇದ್ದ ಸಿಟ್ಟು ಇಮ್ಮಡಿಯಾಯಿತು. ಅವಳು ಅವನಿಗೆ ಮಾಡಿದ ನಂಬಿಕೆದ್ರೋಹವನ್ನು ಅವನ ಕೈಯಿಂದ ಅವ್ವನಿಗೂ ಮಾಡಿಸಿದ್ದಳು.

ಆಮೇಲೆ ಅವನು ಗಾಜಿನ ಗೋಡೆಗೆ ಬೆನ್ನು ಮಾಡಿ ಕುರ್ಚಿ ತಿರುಗಿಸಿಕೊಂಡ. ಸುರಭಿ ಕಳಿಸಿದ ಮೆಸೇಜು ಓದದೆ ಅಳಿಸಿದ. ಎದುರಾದರೆ ಗುಡ್ ಮಾರ್ನಿಂಗ್ ಮೇಡಂ ಎನ್ನುತ್ತಿದ್ದ. ಆದರೂ ಅವಳ ಬಳೆಯ ಸದ್ದು ಕಿವಿಗೆ ಬಿದ್ದರೆ ಓದುತ್ತಿದ್ದ ಸಾಲು ತಪ್ಪುತ್ತಿತ್ತು. ತನ್ನನ್ನು ನೋಯಿಸಿದವಳನ್ನು ಕಿವಿ ಇನ್ನೂ ಹುಡುಕುತ್ತದಲ್ಲ ಎಂದು ಅವನಿಗೆ ನಾಚಿಕೆಯಾಗುತ್ತಿತ್ತು.

ಒಂದು ಸೋಮವಾರ ಬಳೆಯ ಸದ್ದು ಕೇಳಿಸಲಿಲ್ಲ. ಮರುದಿನವೂ ಇಲ್ಲ. ರಜೆ ಹಾಕಿದ್ದಾಳೆ ಎಂದಳು ಶ್ವೇತಾ. ಆ ಸಂಜೆಯೇ ಪಾರವ್ವನ ಫೋನು ಬಂತು.

ಸುರಭಿ ವಿಳಾಸ ವಿಚಾರಿಸಿಕೊಂಡು, ಗದಗಿನವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಪಾರವ್ವನ ಮನೆ ಬಾಗಿಲಿಗೆ ಹೋಗಿದ್ದಳಂತೆ. ಬರೆದವಳು ನಾನೇ ಎಂದು ಹೊಸ್ತಿಲಾಚೆ ನಿಂತೇ ಹೇಳಿದಳಂತೆ. ಪಾರವ್ವ ಮೊದಲು ಬಾಗಿಲು ಮುಚ್ಚಿಕೊಂಡಳು. ಆ ಹುಡುಗಿ ಹೋಗದೆ ಕಟ್ಟೆಯ ಮೇಲೆ ಬಿಸಿಲಲ್ಲಿ ಕೂತೇ ಇದ್ದಾಗ, ನೋಡಲಾರದೆ ಒಳಗೆ ಕರೆದು ರೊಟ್ಟಿ ಹಾಕಿದಳು. ಆಕೆ ಕ್ಷಮೆ ಕೇಳಿದಳು, ತನಗೆ ಹೂಂ ಅನ್ನಲು ಬಾಯಿ ಬರಲಿಲ್ಲ ಎಂದಳು ಪಾರವ್ವ.

“ಆದ್ರ ಒಂದು ಮಾತು ಆಕಿಗೆ ಹೇಳೀನಿ. ನೀವು ಬರದದ್ದು ಖರೆ ಅಲ್ಲವ್ವಾ ಅಂತ. ನಮ್ಮನ್ನ ಯಾರೂ ಹೊರಗ ಹಾಕಿಲ್ಲೋ ತಮ್ಮಾ. ನಾನs ನಿನ್ನ ಎತ್ಕೊಂಡು ಎದ್ದು ಬಂದೆ.”

 ಬುದ್ಧಿ ಬಂದಾಗಿನಿಂದ ಮೌನೇಶ ಎದೆಯೊಳಗೆ ಹೊತ್ತು ತಿರುಗಿದ ಕಥೆ ಅದಲ್ಲ. ಯಾಕೆ ಎದ್ದು ಬಂದೆ ಎಂದು ಕೇಳಿದ. ಫೋನಿನಲ್ಲಿ ಆಡುವ ಮಾತಲ್ಲ, ಆ ಹುಡುಗಿಗೂ ಎದುರು ಕೂತೇ ಹೇಳಿದೆ, ನೀನೂ ಬಂದಾಗ ಕೇಳು ಎಂದಳು ಪಾರವ್ವ.

ಅವನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಸುರಭಿ ಕೆಲಸಕ್ಕೆ ಮರಳಿದ ದಿನ ಸಂಜೆ, ಆಫೀಸಿನ ಹತ್ತಿರದ ದರ್ಶಿನಿಯಲ್ಲಿ ಅವಳೆದುರು ನಿಂತ. ಅವಳ ಮೂಗಿನ ತುದಿ ಬಿಸಿಲಿಗೆ ಕೆಂಪಾಗಿ ಸುಲಿದಿತ್ತು. ಇಬ್ಬರ ನಡುವೆ ಎರಡು ಕಾಫಿ ಆರುತ್ತಿದ್ದವು.

“ಅವ್ವ ಯಾಕೆ ಎದ್ದು ಬಂದ್ಲು?”

ಸುರಭಿ ತಲೆ ಎತ್ತಿದಳು. “ಅದನ್ನ ನಾನು ಹೇಳಲ್ಲ.”

“ನಾನು ಆಕಿ ಮಗ.”

“ಗೊತ್ತು. ಅದಕ್ಕೇ ಅವರ ಬಾಯಲ್ಲೇ ಕೇಳು.” ಅವಳ ಕಣ್ಣು ಅವನಿಂದ ಕದಲಲಿಲ್ಲ. “ನಿಂಗೆ ನನ್ ಮೇಲೆ ಇನ್ನಷ್ಟು ಕೋಪ ಬಂದ್ರೂ ಸರಿ. ಇದೇ ಕಾರಣಕ್ಕೆ ನೀನು ನನ್ನ ಬಿಟ್ಟು ಹೋದ್ರೂ ಸರಿ. ಹೇಳಲ್ಲ.”

ಕೋಪ ಬಂತು. ತನ್ನವ್ವನ ಮಾತು ತನಗೆ ತಿಳಿಯದೆ ಇವಳ ಬಳಿ ಇದೆಯಲ್ಲ ಎಂದು ಹೊಟ್ಟೆ ಉರಿಯಿತು. ಆ ಉರಿಯ ಒಳಗೇ ಎಲ್ಲೋ, ಈ ಸಲ ಅವಳು ಅವ್ವನ ಮಾತು ಕಾಯ್ದಳಲ್ಲ ಎಂದು, ಇಷ್ಟು ದಿನ ಬಿಗಿಹಿಡಿದಿದ್ದ ಗಂಟೊಂದು ಸಡಿಲವಾದಂತೆಯೂ ಅನ್ನಿಸಿತು. ಅವನು ಕಾಫಿ ಕುಡಿದ. ತಣ್ಣಗಾಗಿತ್ತು.

“ಕ್ಷಮಿಸೀನಿ ಅಂತ ಹೇಳಾಕ ಆಗೂದಿಲ್ಲ,” ಅಂದ.

“ಹೇಳ್ಬೇಡ.”

“ಶನಿವಾರ ಊರಿಗೆ ಹೊಂಟೀನಿ. ಬಂದ ಮ್ಯಾಲೆ ನಿನ್ನ ಜೋಡಿ ಕೂತು ಮಾತಾಡಬೇಕು ಅನಸ್ತದೋ ಇಲ್ಲೋ, ಗೊತ್ತಿಲ್ಲ.”

“ಅನ್ಸಿದ್ರೆ ಹೇಳು. ಅನ್ನಿಸ್ದಿದ್ರೂ ಹೇಳು. ಸುಮ್ನೆ ಮೇಡಂ ಅಂತ ಮಾತ್ರ ಅನ್ಬೇಡ.”

ಅವನಿಗೆ ನಗು ಬರುವಂತಾಯಿತು, ಬರಲಿಲ್ಲ. ಇಬ್ಬರೂ ಹೊರಗೆ ಬಂದರು. ಅವಳ ಬಸ್ಸು ನಿಲ್ಲುವುದು ರಸ್ತೆಯ ಆಚೆ ಬದಿಗೆ. ಅರ್ಧ ದಾಟುವಷ್ಟರಲ್ಲಿ ಆಟೋ ಒಂದು ಸಿಗ್ನಲ್ ಹಾರಿಸಿಕೊಂಡು ನುಗ್ಗಿತು, ಮೌನೇಶ ಅವಳ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದುಕೊಂಡ. ಹಾಗೇ ಹಿಡಿದುಕೊಂಡೇ ಆಚೆ ದಾಟಿಸಿದ.

ಫುಟ್‌ಪಾತಿನ ಮೇಲೆ ಕಾಲಿಟ್ಟಾಗ ಬಿಟ್ಟ. ಬಿಡುವುದಕ್ಕೆ ಒಂದು ಗಳಿಗೆ ತಡವಾಯಿತು, ಅದು ಇಬ್ಬರಿಗೂ ತಿಳಿಯಿತು. ಬಸವನಗುಡಿಯ ಬಸ್ಸು ಬಂತು. ಅವಳು ಹತ್ತಿದಳು, ತಿರುಗಿ ನೋಡಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವನು ಅಲ್ಲೇ ನಿಂತಿದ್ದ.